ಠಾಕುರ್ಲಿಯ ಹಳೆ ಪವರ್ ಹೌಸ್: ನಿಮ್ಮ ಮನೆಯವರು ಯಾರಾದರೂ ಅಲ್ಲಿ ಕೆಲಸ ಮಾಡಿದ್ದರಾ?

ಚಾಳಿನ ಮಗಳು

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲಿ ಹೋಗುವವರಿಗೆ ಈ ಜಾಗ ಗೊತ್ತಿರುತ್ತದೆ. ಠಾಕುರ್ಲಿಯ ಹತ್ತಿರ ಎಡಗಡೆ, ಉಲ್ಹಾಸ್ ನದಿಯ ದಿಕ್ಕಿಗೆ, ರೈಲ್ವೆಯ ಜಾಗ ಇದೆ. ಚೋಳಾ ಪವರ್ ಹೌಸ್ ಇದ್ದದ್ದು ಅಲ್ಲೇ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದರು, ಆ ಕರೆಂಟಿನಲ್ಲಿ ರೈಲು ಓಡುತ್ತಿತ್ತು. ಮೊನ್ನೆ ನನ್ನ ಮಗನಿಗೆ ಇದನ್ನು ಹೇಳಿದೆ. ಅವನು ನಂಬಲಿಲ್ಲ. "ರೈಲ್ವೆಯವರು ಕರೆಂಟು ಕೊಳ್ಳುತ್ತಾರೆ ಅಲ್ವಾ, ಅವರೇ ಯಾಕೆ ಮಾಡ್ತಾರೆ?" ಅಂತ ಕೇಳಿದ. ನನಗೆ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಗದಗ ಕಡೆಯವರು. 1964ರಲ್ಲಿ ಇಲ್ಲಿಗೆ ಬಂದು ಬಾಯ್ಲರ್ ವಿಭಾಗದಲ್ಲಿ ಹೆಲ್ಪರ್ ಆಗಿ ಸೇರಿದರು. ಈಗ ಎಂಬತ್ತು ದಾಟಿದೆ. ಅವರ ಟ್ರಂಕಿನಲ್ಲಿ ಒಂದು ನೀಲಿ ಗಾಜಿನ ತುಂಡು ಇದೆ. ಅಂಗೈಯಷ್ಟು ದೊಡ್ಡದು, ಮರದ ಹಿಡಿಯಲ್ಲಿ ಕೂರಿಸಿದ್ದು. ಹಿಡಿಯ ಒಂದು ಬದಿ ಹೆಬ್ಬೆರಳು ಕೂತು ಕೂತು ಸವೆದು ನುಣುಪಾಗಿದೆ. ಬಾಯ್ಲರ್‌ನ ಸಣ್ಣ ಕಿಂಡಿ ತೆರೆದು ಬೆಂಕಿ ನೋಡುವಾಗ ಇದನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದರಂತೆ. ಬರಿಗಣ್ಣಲ್ಲಿ ನೋಡಿದರೆ ಬರೀ ಬಿಳಿ ಬೆಳಕು. ಗಾಜಿನ ಮೂಲಕ ನೋಡಿದರೆ ಜ್ವಾಲೆಯ ಆಕಾರ ಕಾಣುತ್ತದೆ, ಎಲ್ಲಿ ಚೆನ್ನಾಗಿ ಉರಿಯುತ್ತಿದೆ, ಎಲ್ಲಿ ಹೊಗೆ ಸುತ್ತುತ್ತಿದೆ ಅಂತ ಗೊತ್ತಾಗುತ್ತದೆ.

ಈ ಪವರ್ ಹೌಸಿನ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ನನಗೆ ಸಿಗಲಿಲ್ಲ. ಕಟ್ಟಡದ ವಿಷಯ, ವರ್ಷದ ವಿಷಯ ಹೇಗೋ ಉಳಿಯುತ್ತದೆ. ಅಲ್ಲಿ ದುಡಿದವರಿಗೆ ಗೊತ್ತಿದ್ದ ಕೆಲಸ ಉಳಿಯುವುದಿಲ್ಲ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಘಾಟ್ ಲೈನ್, ಪುಣೆ

ಅಕ್ಕ, ನಿಮ್ಮ ಮಗನ ಪ್ರಶ್ನೆ ಬಹಳ ಒಳ್ಳೆಯದು. ನಾನು ರೈಲಿನ ಹುಚ್ಚು ಹಿಡಿದವನು, ಗೊತ್ತಿದ್ದಷ್ಟು ಹೇಳುತ್ತೇನೆ.

ದೇಶದ ಮೊದಲ ಕರೆಂಟು ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಬಾಂಬೆ ವಿಟಿಯಿಂದ ಕುರ್ಲಾಕ್ಕೆ, ಹಾರ್ಬರ್ ಲೈನಿನಲ್ಲಿ. 1500 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅದು ಊರೊಳಗಿನ ಲೋಕಲ್, ಟಾಟಾದವರ ಕರೆಂಟು ಸಾಕಾಯಿತು. ಆದರೆ ಈ ಲೈನ್ ನಡೆಸುತ್ತಿದ್ದ ಆಗಿನ ಕಂಪನಿ ಜಿಐಪಿ ರೈಲ್ವೆಯ ನಿಜವಾದ ತಲೆನೋವು ಘಾಟ್. ಕರ್ಜತ್‌ನಿಂದ ಲೋಣಾವಳಕ್ಕೆ ಭೋರ್ ಘಾಟ್, ಕಸಾರಾದಿಂದ ಇಗತ್‌ಪುರಿಗೆ ಥಳ್ ಘಾಟ್. ಎರಡರಲ್ಲೂ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ರಸ್ತೆಯಲ್ಲಿ ಇದು ಏನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಇದು ಗೋಡೆ ಹತ್ತಿದ ಹಾಗೆ. ಉಗಿ ಇಂಜಿನ್‌ಗಳು ಮುಂದೆ ಎಳೆದು, ಹಿಂದೆ ತಳ್ಳಿ, ಏದುಸಿರು ಬಿಡುತ್ತಾ ಹತ್ತುತ್ತಿದ್ದವು.

ಅದಕ್ಕೇ ಪುಣೆಗೂ ಇಗತ್‌ಪುರಿಗೂ ಕರೆಂಟು ಎಳೆದರು. 1929ರಲ್ಲಿ ಪುಣೆ ಮುಟ್ಟಿತು. ಅದೇ ಹೊತ್ತಿಗೆ ಚೋಳಾ ಪವರ್ ಹೌಸ್ ಶುರುವಾಯಿತು. ಜಾಗ ಆರಿಸಿದ್ದು ನೋಡಿ. ಕಲ್ಯಾಣದಲ್ಲಿ ಲೈನ್ ಎರಡಾಗಿ ಒಡೆಯುತ್ತದೆ, ಒಂದು ಪುಣೆಗೆ, ಒಂದು ಇಗತ್‌ಪುರಿಗೆ. ಆ ಕವಲಿನ ಪಕ್ಕದಲ್ಲೇ ಠಾಕುರ್ಲಿ. ಕಲ್ಲಿದ್ದಲು ತರಲು ಹಳಿ ಇದೆ, ನೀರಿಗೆ ನದಿ ಇದೆ. 1930ರ ಜೂನ್ 1ರಂದು ಡೆಕ್ಕನ್ ಕ್ವೀನ್ ರೈಲು ಶುರುವಾಯಿತು, ಮೊದಲು ಕಲ್ಯಾಣದಿಂದ ಪುಣೆಗೆ.

ಒಂದು ವಿಷಯ ನನಗೆ ತುಂಬಾ ಇಷ್ಟ. ಆ ಕಾಲದ ಗೂಡ್ಸ್ ಇಂಜಿನ್‌ಗೆ ಇಲ್ಲಿಯವರು ಖೇಕ್ಡಾ ಅಂತ ಹೆಸರಿಟ್ಟಿದ್ದರು, ಅಂದರೆ ಏಡಿ. ಅಂಥ 41 ಇಂಜಿನ್ ಇದ್ದವು. ಘಾಟ್ ಇಳಿಯುವಾಗ ಮೋಟರನ್ನೇ ಜನರೇಟರ್ ಮಾಡಿ ವೇಗ ಹಿಡಿಯುವ ವ್ಯವಸ್ಥೆ ಘಾಟ್ ಲೈನಿನ ಡಿಸಿ ಇಂಜಿನ್‌ಗಳಲ್ಲಿ ಇತ್ತು. ಇಳಿಯುವ ಗಾಡಿ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತದೆ, ಹತ್ತುವ ಗಾಡಿ ಅದನ್ನು ತೆಗೆದುಕೊಳ್ಳುತ್ತದೆ. ಬಾವಿಯ ರಾಟೆಯಲ್ಲಿ ಒಂದು ಕೊಡ ಇಳಿದು ಇನ್ನೊಂದನ್ನು ಎತ್ತಿದ ಹಾಗೆ.

ಮಾಟುಂಗಾ ಮಾಮ

ಬಹಳ ಒಳ್ಳೆಯ ವಿಷಯ ಎತ್ತಿದ್ದೀಯಮ್ಮ. ನಾನು ವಿದ್ಯುತ್ ಇಲಾಖೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಚೋಳಾಕ್ಕೂ ಹಿಂದಿನದನ್ನು ಸ್ವಲ್ಪ ಹೇಳುತ್ತೇನೆ.

ಮುಂಬೈಗೆ ಕರೆಂಟು ಮೊದಲು ಬಂದದ್ದು ಕಲ್ಲಿದ್ದಲಿನಿಂದಲೇ. 1905ರಲ್ಲಿ ವಾಡಿ ಬಂದರ್‌ನಲ್ಲಿ ಊರಿನ ಕರೆಂಟು, ಟ್ರಾಮ್ ನೋಡಿಕೊಳ್ಳುತ್ತಿದ್ದ ಬೆಸ್ಟ್ ಕಂಪನಿಯವರು ಉತ್ಪಾದನೆ ಶುರು ಮಾಡಿದರು. 1907ರ ಮೇ 7ರಂದು ಕರೆಂಟು ಟ್ರಾಮ್ ಓಡಿತು. 1912ರಲ್ಲಿ ಮಜಗಾಂವ್ ಹತ್ತಿರ ಕುಸ್ಸಾರಾದಲ್ಲಿ ದೊಡ್ಡ ಸ್ಥಾವರ ಬಂತು. ಬಟ್ಟೆ ಗಿರಣಿಗಳು ತಮ್ಮದೇ ಬಾಯ್ಲರ್ ಇಟ್ಟುಕೊಂಡಿದ್ದವು. ಪರೇಲ್, ಲಾಲ್‌ಬಾಗ್ ಆಕಾಶದಲ್ಲಿ ಚಿಮಣಿಗಳೇ ಚಿಮಣಿಗಳು.

ಆಮೇಲೆ ನೀರು ಬಂತು. 1915ರಲ್ಲಿ ಖೋಪೋಲಿ. ಲೋಣಾವಳದ ಕೆರೆಗಳ ನೀರನ್ನು ಕೊಳವೆಯಲ್ಲಿ ಘಾಟ್ ಕೆಳಗೆ ಬೀಳಿಸಿ ಕರೆಂಟು ತೆಗೆದರು. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ನೀರಿನ ಕರೆಂಟು ಅಗ್ಗ, ಹೊಗೆಯಿಲ್ಲ. ಗಿರಣಿಗಳು ಒಂದೊಂದಾಗಿ ಉಗಿ ಬಿಟ್ಟು ಇದಕ್ಕೆ ಬಂದವು. ಬೆಸ್ಟ್ ಕೂಡ ತಾನು ಮಾಡುವುದನ್ನು ಬಿಟ್ಟು ಟಾಟಾದಿಂದ ಕೊಳ್ಳತೊಡಗಿತು. ಹೀಗೆ ಊರು ಕಲ್ಲಿದ್ದಲಿನಿಂದ ನೀರಿಗೆ ಹೋದ ಹೊತ್ತಿನಲ್ಲೇ ರೈಲ್ವೆ ಠಾಕುರ್ಲಿಯಲ್ಲಿ ಮತ್ತೆ ಕಲ್ಲಿದ್ದಲು ಹೊತ್ತಿಸಿತು. ಊರಿಗೂ ಅದು ಮತ್ತೆ ಬೇಕಾಯಿತು. 1956ರಲ್ಲಿ ಟ್ರಾಂಬೆ ಉಷ್ಣ ಸ್ಥಾವರ ಬಂತು. 1984ರಲ್ಲಿ ಅಲ್ಲಿ ದೇಶದ ಮೊದಲ 500 ಮೆಗಾವಾಟ್ ಘಟಕ ನಿಂತಿತು.

ನಮ್ಮ ಕಡೆ ಕಥೆ ಬೇರೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ. ಕರ್ನಾಟಕ ಎಷ್ಟೋ ವರ್ಷ ನೀರನ್ನೇ ನಂಬಿ ಕೂತಿತ್ತು. ಮಳೆ ಕೈ ಕೊಟ್ಟರೆ ಕರೆಂಟೂ ಕೈ ಕೊಡುತ್ತಿತ್ತು. ರಾಯಚೂರಿನ ಕಲ್ಲಿದ್ದಲು ಸ್ಥಾವರ ಶುರುವಾದ ಮೇಲೆ ಅದು ಬದಲಾಯಿತು.

ಡೊಂಬಿವಲಿ ಪೂರ್ವ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬೆಳೆದದ್ದು ಬೇರೆ ರಾಜ್ಯದಲ್ಲಿ, ಒಂದು ಕಲ್ಲಿದ್ದಲು ಸ್ಥಾವರದ ಪಕ್ಕದ ಕಾಲೊನಿಯಲ್ಲಿ. ಹೆಸರು ಬೇಡ. ಅಮ್ಮ ಒಣಹಾಕಿದ ಬಟ್ಟೆಯನ್ನು ಮಡಚುವ ಮೊದಲು ಎರಡು ಸಲ ಕೊಡವುತ್ತಿದ್ದಳು. ಹಪ್ಪಳ ಸಂಡಿಗೆ ಮೇಲೆ ತೆಳು ಸೀರೆ ಹೊದಿಸದೆ ಬಿಸಿಲಿಗೆ ಇಟ್ಟದ್ದೇ ಇಲ್ಲ. ನನ್ನ ತಂಗಿಗೆ ಚಳಿಗಾಲ ಪೂರ್ತಿ ದಮ್ಮು. ಈಗ ಹಳೆ ಚಿಮಣಿ ನೋಡಿ ಎಲ್ಲರೂ ಭಾವುಕರಾಗುತ್ತಾರೆ. ನನಗೆ ಆಗುವುದಿಲ್ಲ. ಮುಚ್ಚಿದ್ದು ಒಳ್ಳೆಯದಾಯಿತು ಅಂತಲೇ ಅನಿಸುತ್ತದೆ.

ಶಕ್ತಿನಗರದವ

ನೀವು ಹೇಳಿದ್ದು ಸರಿ. ನಾನು ರಾಯಚೂರಿನ ಶಕ್ತಿನಗರದವನು, ಈಗ ಕಲ್ಯಾಣದಲ್ಲಿದ್ದೇನೆ. ನಮ್ಮ ಸ್ಥಾವರ 1985ರಲ್ಲಿ ಶುರುವಾದದ್ದು, ಈಗ 1720 ಮೆಗಾವಾಟ್. ಕೃಷ್ಣಾ ನದಿಯ ದಡದಲ್ಲಿದೆ. ಬೂದಿ ಅಂದರೆ ಏನು ಅಂತ ನನಗೂ ಗೊತ್ತು.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಜಾಸ್ತಿ. ನೂರಕ್ಕೆ 30ರಿಂದ 45. ಹತ್ತು ಲಾರಿ ಕಲ್ಲಿದ್ದಲು ಸುಟ್ಟರೆ ಮೂರು ನಾಲ್ಕು ಲಾರಿ ಬೂದಿ ಉಳಿಯುತ್ತದೆ ಅಂದುಕೊಳ್ಳಿ. ದಪ್ಪ ಬೂದಿ, ಕಿಟ್ಟ ಎಲ್ಲ ಬಾಯ್ಲರ್ ತಳಕ್ಕೆ ಬೀಳುತ್ತದೆ. ಸಣ್ಣದು ಹಿಟ್ಟಿನ ಹಾಗೆ ಹೊಗೆಯ ಜೊತೆ ಮೇಲೆ ಹೋಗುತ್ತದೆ. ಈಗ ಅದನ್ನು ಹಿಡಿಯಲು ಕರೆಂಟಿನ ತಟ್ಟೆಗಳಿವೆ. ಬೂದಿಯ ಕಣಕ್ಕೆ ವಿದ್ಯುತ್ ಹತ್ತಿಸಿ ತಟ್ಟೆಗೆ ಅಂಟಿಸಿ, ಆಮೇಲೆ ತಟ್ಟೆಯನ್ನು ಬಡಿದು ಕೆಳಗೆ ಉದುರಿಸುತ್ತಾರೆ. ಅದು ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಉಳಿದದ್ದು ಬೂದಿ ಕೆರೆಗೆ.

ಗಂಧಕದ ಹೊಗೆಯ ಕಥೆ ಬೇರೆ. ಟ್ರಾಂಬೆಯಲ್ಲಿ ಅದನ್ನು ಸಮುದ್ರದ ನೀರಿನಿಂದ ತೊಳೆಯುವ ವ್ಯವಸ್ಥೆ ಮಾಡಿದರು. ಉಪ್ಪು ನೀರಿನಲ್ಲಿ ಆಮ್ಲವನ್ನು ತಣಿಸುವ ಗುಣ ಸಹಜವಾಗೇ ಇದೆ, ಬೇರೆ ಸುಣ್ಣ ಬೇಡ.

ಆದರೆ ಒಂದು ಮಾತು. ಹೊಗೆ ಕೆಟ್ಟದ್ದು ಅಂದ ಮಾತ್ರಕ್ಕೆ ಅಲ್ಲಿ ದುಡಿದವರ ಕಥೆ ಬೇಡ ಅನ್ನುವುದು ಸರಿಯಲ್ಲ. ಎಲ್ಲರಿಗಿಂತ ಜಾಸ್ತಿ ಬೂದಿ ನುಂಗಿದ್ದು ಅವರೇ ಅಲ್ವಾ?

ಡೊಂಬಿವಲಿ ಪೂರ್ವ

ಅದು ನಿಜ. ಆ ದಿಕ್ಕಿನಿಂದ ನಾನು ಯೋಚಿಸಿರಲಿಲ್ಲ. ಅಕ್ಕ, ನಿಮ್ಮ ಅಪ್ಪ ಏನು ಹೇಳುತ್ತಾರೆ ಅಂತ ಬರೆಯಿರಿ. ಓದುತ್ತೇನೆ.

ಘಾಟ್ ಲೈನ್, ಪುಣೆ

ಮಾಮ ಹೇಳಿದ ನೀರಿನ ಕರೆಂಟಿಗೆ ಒಂದು ಸೇರಿಸಲೇಬೇಕು. ಭಿರಾಕ್ಕೆ ನೀರು ಕೊಡುವ ಮುಳಶಿ ಅಣೆಕಟ್ಟಿಗೆ ರೈತರು ಸುಮ್ನೆ ಜಾಗ ಬಿಟ್ಟುಕೊಡಲಿಲ್ಲ. 1921ರಲ್ಲಿ ಮುಳಶಿ ಸತ್ಯಾಗ್ರಹ ಶುರುವಾಯಿತು. ಅದರ ಮುಂದಾಳು ಸೇನಾಪತಿ ಬಾಪಟ್. ಹೊಗೆಯಿಲ್ಲದ ಕರೆಂಟಿಗೂ ಯಾರದೋ ಗದ್ದೆ, ಯಾರದೋ ಮನೆ ಮುಳುಗಿದೆ. ಪುಣೆಯಿಂದ ಮಳೆಗಾಲದಲ್ಲಿ ಮುಳಶಿ ನೋಡಲು ಹೋಗುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನನಗೇ ನಲವತ್ತು ವರ್ಷ ಆಗುವ ತನಕ ಗೊತ್ತಿರಲಿಲ್ಲ.

ಉಡುಪಿ ಟು ಅಂಧೇರಿ

ನನ್ನ ಅಣ್ಣನ ಮಗಳು ಲಂಡನ್ನಿನಲ್ಲಿದ್ದಾಳೆ. ಹೋದ ವರ್ಷ ಹೋಗಿದ್ದಾಗ ಬ್ಯಾಟರ್ಸಿ ಪವರ್ ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ಅದೂ ಕಲ್ಲಿದ್ದಲಿನದೇ. ಕಟ್ಟಲು ಶುರು ಮಾಡಿದ್ದು 1929ರಲ್ಲಿ, ನಮ್ಮ ಚೋಳಾದ ಕಾಲವೇ. ನಾಲ್ಕು ಬಿಳಿ ಚಿಮಣಿ, ಉಳಿದದ್ದೆಲ್ಲ ಇಟ್ಟಿಗೆ. ಆ ಕಾಲದಲ್ಲೇ ಥೇಮ್ಸ್ ನದಿಯ ನೀರಿನಿಂದ ಹೊಗೆ ತೊಳೆಯುತ್ತಿದ್ದರಂತೆ. ಉಳಿದ ಬಿಸಿ ನೀರನ್ನು ನದಿಯ ಅಡಿಯಲ್ಲಿ ಆಚೆ ದಡಕ್ಕೆ ಕಳಿಸಿ ಮನೆಗಳನ್ನು ಬೆಚ್ಚಗಿಡುತ್ತಿದ್ದರಂತೆ. 1983ರಲ್ಲಿ ಪೂರ್ತಿ ನಿಂತಿತು. ಸುಮಾರು ನಲವತ್ತು ವರ್ಷ ಹಾಳು ಬಿದ್ದಿತ್ತು. ಚಿಮಣಿಗಳನ್ನು ಕೆಡವಿ ಹಾಗೇ ಮತ್ತೆ ಕಟ್ಟಿದರು. 2022ರಲ್ಲಿ ಅಂಗಡಿ, ಆಫೀಸು, ಮನೆ ಎಲ್ಲ ಮಾಡಿ ತೆರೆದರು. ಒಂದು ಚಿಮಣಿಯೊಳಗೆ ಗಾಜಿನ ಲಿಫ್ಟ್ 109 ಮೀಟರ್ ಎತ್ತರಕ್ಕೆ ಹೋಗುತ್ತದೆ.

ಹಳೆ ಕಂಟ್ರೋಲ್ ರೂಮಿನಲ್ಲಿ ಈಗ ಜನ ಕೂತು ಕುಡಿಯುತ್ತಾರೆ. ಮೀಟರು, ಹಿಡಿಕೆ ಎಲ್ಲ ಹಾಗೇ ಇದೆ. ನೋಡಿ ಖುಷಿಯಾಯಿತು. ಆದರೆ ಆ ಹಿಡಿಕೆ ತಿರುಗಿಸುತ್ತಿದ್ದವರು ಯಾರು, ಎಲ್ಲಿಂದ ಬರುತ್ತಿದ್ದರು, ಬುತ್ತಿಗೆ ಏನು ತರುತ್ತಿದ್ದರು ಅಂತ ನನ್ನ ತಲೆಯಲ್ಲಿ ಓಡುತ್ತಿತ್ತು. ಹೋಟೆಲ್‌ನಲ್ಲಿ ದುಡಿದವನ ಬುದ್ಧಿ, ಊಟದ ಮೇಲೇ ಹೋಗುತ್ತದೆ.

ಮಾಟುಂಗಾ ಮಾಮ

ದೆಹಲಿಯ ಬದರ್‌ಪುರ ಸ್ಥಾವರವನ್ನೂ ನೆನಪಿಡಿ. 705 ಮೆಗಾವಾಟ್. 2018ರ ಅಕ್ಟೋಬರ್ 15ರಂದು ನಿಲ್ಲಿಸಿದರು. ಗಾಳಿ ಕೆಟ್ಟದ್ದೇ ಕಾರಣ.

ಚೋಳಾ ನಿಂತದ್ದಕ್ಕೆ ಕಾರಣ ಬೇರೆ. ವಯಸ್ಸಾದ ಸ್ಥಾವರ. ಆ ಕಾಲದ ಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಕರೆಂಟು ಮಾಡುತ್ತಿದ್ದವು, ಮುಕ್ಕಾಲು ಭಾಗ ಚಿಮಣಿಯಲ್ಲಿ, ನೀರಿನಲ್ಲಿ ಹೋಗುತ್ತಿತ್ತು. ಹೊರಗೆ ದೊಡ್ಡ ದೊಡ್ಡ ಘಟಕಗಳು ಬಂದ ಮೇಲೆ ಗ್ರಿಡ್‌ನಿಂದ ಕೊಳ್ಳುವುದೇ ಅಗ್ಗ. 1980ರ ದಶಕದಲ್ಲಿ ಬೆಂಕಿ ಆರಿತು. ಅದೇ ಜಾಗದಲ್ಲಿ ಗ್ಯಾಸ್ ಸ್ಥಾವರ ಕಟ್ಟುವ ಮಾತು ಆಮೇಲೆ ವರ್ಷಗಟ್ಟಲೆ ಕೇಳಿಬಂತು. ಕಟ್ಟಲಿಲ್ಲ.

ಅದರ ಬಲದಲ್ಲಿ ನಡೆಯುತ್ತಿದ್ದ ಡಿಸಿ ರೈಲಿನ ಪದ್ಧತಿಯೂ ಹೋಯಿತು. ಘಾಟ್‌ಗಳಲ್ಲಿ ಮೊದಲು, ಆಮೇಲೆ ಮುಂಬೈ ಲೋಕಲ್‌ನಲ್ಲಿ, 25,000 ವೋಲ್ಟ್ ಎಸಿ ಬಂತು. ಕೊನೆಗೆ ಬದಲಾದದ್ದು ಹಾರ್ಬರ್ ಲೈನ್, 2016ರಲ್ಲಿ. ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಯಿತು.

ಚಾಳಿನ ಮಗಳು

ಎಲ್ಲರಿಗೂ ಬಹಳ ಥ್ಯಾಂಕ್ಸ್. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಎರಡು ಸಂಜೆ ಹಿಡಿಯಿತು, ಯಾಕೆಂದರೆ ಪ್ರತಿ ಸಾಲಿಗೂ ಅವರು ತಡೆದು ಏನಾದರೂ ಹೇಳುತ್ತಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಬೆಂಕಿಯ ಬಣ್ಣ. ಹೊಳೆಯುವ ಹಳದಿ ಇದ್ದರೆ ಸರಿ. ಮಂಕು ಕೆಂಪಾಗಿ ತುದಿಯಲ್ಲಿ ಹೊಗೆ ಕಂಡರೆ ಗಾಳಿ ಸಾಲುತ್ತಿಲ್ಲ. ಕಣ್ಣು ಕುಕ್ಕುವಷ್ಟು ಬಿಳಿಯಾದರೆ ಗಾಳಿ ಜಾಸ್ತಿಯಾಗಿದೆ, ಶಾಖ ಸುಮ್ನೆ ಚಿಮಣಿಗೆ ಹೋಗುತ್ತಿದೆ. "ಒಲೆ ಊದುವವರಿಗೆ ಇದು ಗೊತ್ತು, ನಿನ್ನ ಅಜ್ಜಿಗೂ ಗೊತ್ತಿತ್ತು" ಅಂದರು. ಮೀಟರ್ ಇತ್ತು. ಆದರೂ ಹಳಬರು ಒಮ್ಮೆ ಗಾಜು ಹಿಡಿದು ನೋಡದೆ ಪಾಳಿ ಒಪ್ಪಿಕೊಳ್ಳುತ್ತಿರಲಿಲ್ಲ.

ಮಳೆಗಾಲದ ಕಷ್ಟ ನನಗೆ ಗೊತ್ತೇ ಇರಲಿಲ್ಲ. ಕಲ್ಲಿದ್ದಲು ವ್ಯಾಗನ್‌ನಲ್ಲಿ ನೆನೆದು ಬರುತ್ತದೆ. ಒದ್ದೆ ಪುಡಿ ಕಲಸಿದ ಹಿಟ್ಟಿನ ಹಾಗೆ ಅಂಟುತ್ತದೆ. ಮೇಲಿನಿಂದ ಕೆಳಗೆ ಜಾರಬೇಕಾದದ್ದು ನಡುವೆಯೇ ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ಕೆಳಗೆ ಬೆಂಕಿ ಹಸಿದಿದೆ, ಮೇಲೆ ರಾಶಿ ಇದೆ, ಇಳಿಯುತ್ತಿಲ್ಲ. ಆಗ ಉದ್ದನೆಯ ಸಲಾಕೆ ಹಿಡಿದು ತಿವಿಯಬೇಕು, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ಶಬ್ದ ಕೇಳಿಯೇ ಗೊತ್ತಾಗುತ್ತದಂತೆ. ತುಂಬಿದ್ದರೆ ದಪ್ಪ ಶಬ್ದ. ಖಾಲಿಯಿದ್ದರೆ ಗಂಟೆಯ ಹಾಗೆ ಅನ್ನುತ್ತದೆ. ಇಲ್ಲಿ ಹೊರಗೆ ಮಳೆ, ಒಳಗೆ ಬೆವರು. ಜುಲೈ ತಿಂಗಳಲ್ಲಿ ಮೈ ಒಣಗಿದ್ದೇ ನೆನಪಿಲ್ಲ ಅಂದರು.

ಟರ್ಬೈನ್ ಕಡೆ ಒಬ್ಬ ಹಿರಿಯ ಫಿಟ್ಟರ್ ಇದ್ದರಂತೆ, ರತ್ನಾಗಿರಿ ಕಡೆಯವರು. ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಿಮಿಷಕ್ಕೆ 3000 ಸುತ್ತು ತಿರುಗುವ ಯಂತ್ರ. ಅದರ ಗದ್ದಲದಲ್ಲಿ ಅವರಿಗೆ ಒಂದು ಸಣ್ಣ ಕರಕರ ಬೇರೆಯಾಗಿ ಕೇಳುತ್ತಿತ್ತು. ಅಪ್ಪ ಅವರನ್ನು ದಾದಾ ಅನ್ನುತ್ತಿದ್ದರು. ಅಪ್ಪನಿಗೆ ಮರಾಠಿ ಬಂದದ್ದೇ ಅವರಿಂದ, ಮೊದಲು ಕಲಿತ ಶಬ್ದ "ಐಕ್", ಕೇಳು ಅಂತ.

ಘಾಟ್ ಲೈನ್ ಅವರೇ, ನೀವು ಬರೆದ ಬಾವಿ ರಾಟೆಯ ಮಾತು ಓದಿದಾಗ ಅಪ್ಪ ಎದ್ದು ಕೂತರು. "ಬರಿ, ಬರಿ" ಅಂದರು. ಘಾಟ್‌ನಲ್ಲಿ ಭಾರದ ಗೂಡ್ಸ್ ಹತ್ತುವಾಗ ಇಲ್ಲಿ ಮೀಟರಿನ ಮುಳ್ಳು ಸರಿಯುತ್ತಿತ್ತಂತೆ. ಎಲ್ಲೋ ದೂರದ ಕತ್ತಲಲ್ಲಿ ಒಂದು ಗಾಡಿ ಏರುತ್ತಿದೆ, ಅದರ ಭಾರ ಇಲ್ಲಿ ಉಗಿಯ ಮೇಲೆ ಬೀಳುತ್ತದೆ, ಉಗಿ ಇಳಿದರೆ ಇವರು ಬೆಂಕಿ ಏರಿಸಬೇಕು. ರಾತ್ರಿ ಪಾಳಿಯಲ್ಲಿ ಅವರಿಗೆ ಅದೇ ಗಡಿಯಾರ.

ಮತ್ತೆ ಡೊಂಬಿವಲಿ ಪೂರ್ವದವರ ಬರಹವನ್ನೂ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಆ ಹುಡುಗಿಗೆ ಈಗ ದಮ್ಮು ಹೇಗಿದೆಯಂತೆ?"

ಡೊಂಬಿವಲಿ ಪೂರ್ವ

ಈಗ ಚೆನ್ನಾಗಿದ್ದಾಳೆ ಅಂತ ಹೇಳಿ. ಧಾರವಾಡದಲ್ಲಿದ್ದಾಳೆ, ಎರಡು ಮಕ್ಕಳು. ಚಳಿಗಾಲದಲ್ಲಿ ದಮ್ಮಿನ ಪಂಪ್ ಬೇಕಾಗುತ್ತದೆ, ಅಷ್ಟೇ. ಕೇಳಿದ್ದಕ್ಕೆ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ಹತ್ತಿರ ಒಳ್ಳೆಯ ರೆಕಾರ್ಡರ್ ಇದೆ, ಮೈಕ್ ಇದೆ. ಅವರು ಒಪ್ಪಿದರೆ ಬಂದು ಅವರ ಮಾತನ್ನು ಹಿಡಿದಿಡುತ್ತೇನೆ. ಕನ್ನಡದಲ್ಲೇ.

ಶಕ್ತಿನಗರದವ

ನಾನೂ ಬರುತ್ತೇನೆ. ಬಾಯ್ಲರ್ ಕೆಲಸದ ಪ್ರಶ್ನೆಗಳನ್ನು ನಾನು ಕೇಳಬಲ್ಲೆ. ಕಲ್ಲಿದ್ದಲು ಕಮಾನು ಕಟ್ಟುವುದಕ್ಕೆ ನಮ್ಮಲ್ಲಿ ಏನನ್ನುತ್ತಿದ್ದರು, ಅವರಲ್ಲಿ ಏನನ್ನುತ್ತಿದ್ದರು ಅಂತ ಕೂಡ ನೋಡಬೇಕು. ಈ ಶಬ್ದಗಳು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

ಮಾಟುಂಗಾ ಮಾಮ

ಬೇಗ ಮಾಡಿ. ನನ್ನ ಜೊತೆಯವರಲ್ಲಿ ಈ ವರ್ಷವೇ ಇಬ್ಬರು ಹೋದರು. ಇಬ್ಬರನ್ನೂ ನಾನು ಕೂರಿಸಿ ಕೇಳಬೇಕಿತ್ತು, ಮುಂದಿನ ವಾರ ಮುಂದಿನ ವಾರ ಅನ್ನುತ್ತಾ ಬಿಟ್ಟೆ.

ಚಾಳಿನ ಮಗಳು

ಅಪ್ಪ ಒಪ್ಪಿದ್ದಾರೆ. ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಬನ್ನಿ. ಮನೆ ನೆಲಮಹಡಿಯಲ್ಲೇ ಇದೆ, ಮಾಮ, ನಿಮಗೂ ಮೆಟ್ಟಿಲಿನ ಕಷ್ಟವಿಲ್ಲ. ಉಡುಪಿ ಅಣ್ಣ ಬುತ್ತಿಯ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಅಪ್ಪ ಹೇಳಿದ ಉತ್ತರ: ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಇಡೀ ಈರುಳ್ಳಿ. ಡಬ್ಬಿಯನ್ನು ಬಿಸಿ ಕೊಳವೆಯ ಮೇಲೆ ಇಟ್ಟರೆ ಊಟದ ಹೊತ್ತಿಗೆ ರೊಟ್ಟಿ ಆಗ ತಾನೇ ಬಡಿದ ಹಾಗೆ ಇರುತ್ತಿತ್ತಂತೆ.

ಮಗನೂ ಮನೆಯಲ್ಲೇ ಇರುತ್ತಾನೆ. ನಿನ್ನೆ ಅಜ್ಜನ ನೀಲಿ ಗಾಜು ತೆಗೆದುಕೊಂಡು ಅಡುಗೆಮನೆಗೆ ಬಂದು, ಗ್ಯಾಸ್ ಒಲೆ ಹಚ್ಚಿಸಿ ಅದರ ಮೂಲಕ ನೋಡುತ್ತಾ ನಿಂತಿದ್ದ.